ದೋಣಿಗಳ ಹೆಸರು ಬರೆದ ಸುಗುಣ

ಕಡಲ ದಡದ ಕೋಡಿ ಎಂಬ ಊರಿನಲ್ಲಿ ದೋಣಿಗೆ ಹೆಸರು ಬರೆಸಬೇಕೆಂದರೆ ಚಂದಯ್ಯನ ಮನೆಗೆ ಹೋಗಬೇಕು. ಅಕ್ಷರ ಚೆನ್ನಾಗಿ ಬಂದರೆ 'ಚಂದಯ್ಯನ ಕೈ' ಅನ್ನುತ್ತಾರೆ. ಆದರೆ ಒಂಬತ್ತು ವರ್ಷಗಳಿಂದ ಆ ಕೈ ಅವನ ಹೆಂಡತಿ ಸುಗುಣಳದು.

ಸುಗುಣ ಹುಟ್ಟಿದ್ದು ಶಿರೂರಿನಲ್ಲಿ, ಮೀನು ಒಣಗಿಸಿ ಮಾರುವವರ ಮನೆಯಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟರೂ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಮದುವೆಯಾಗಿ ಕೋಡಿಗೆ ಬಂದ ಮೇಲೆ ಗಂಡನಿಗೆ ಬಣ್ಣ ಕಲಸಿಕೊಡುತ್ತ, ಅವನು ಬ್ರಷ್ಷು ಹಿಡಿಯುವ ರೀತಿಯನ್ನು ಕೆಳಗೆ ನಿಂತು ನೋಡುತ್ತ ವರ್ಷಗಳು ಕಳೆದವು. ಒಂದು ಮಳೆಗಾಲ, ಮೀನುಗಾರಿಕೆಗೆ ರಜೆ ಬಂದು ದೋಣಿಗಳನ್ನೆಲ್ಲ ದಡಕ್ಕೆಳೆದಿದ್ದ ಹೊತ್ತಿನಲ್ಲಿ, ಚಂದಯ್ಯ ದೋಣಿಯ ಪಕ್ಕ ಕಟ್ಟಿದ್ದ ಅಟ್ಟಣಿಗೆಯಿಂದ ಜಾರಿ ಬಿದ್ದ. ಅಂದಿನಿಂದ ಅವನ ಬಲಗೈ ಹೆಗಲಿಗಿಂತ ಮೇಲೇಳಲಿಲ್ಲ. ಕುಷ್ಟ ಎಂಬವನ ದೋಣಿಯ ಮೇಲೆ ಹೆಸರು ಅರ್ಧಕ್ಕೇ ನಿಂತಿತ್ತು. ನಾಲ್ಕು ದಿನ ಕಾದು ನೋಡಿದ ಸುಗುಣ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಟ್ಟಣಿಗೆ ಹತ್ತಿದಳು.

ಕುಷ್ಟ ಓಡಿಬಂದು ಕೂಗಿದ. "ಹ್ವಾಯ್, ಎಂತ ಇದ್? ಹೆಂಗ್ಸ್ರ್ ದೋಣಿ ಹತ್ತುಕಾಗ ಅಂದೇಳಿ ಗೊತ್ತಿಲ್ಯಾ ನಿಮ್ಗೆ?"

ಸುಗುಣ ತಿರುಗಿ ಕೂಡ ನೋಡಲಿಲ್ಲ. "ನಾನ್ ದೋಣಿ ಹತ್ತಲಿಲ್ಲೆ ಕುಷ್ಟಣ್ಣ. ಅಟ್ಟಣಿಗಿ ಹತ್ತದ್ದ್."

ದಡದಲ್ಲಿದ್ದವರೆಲ್ಲ ನಕ್ಕರು. ಕುಷ್ಟನೂ ಗೊಣಗುತ್ತ ಹೋದ. ಆ ವರ್ಷ ಅವನ ಬಲೆಗೆ ಬಂಗುಡೆ ಚೆನ್ನಾಗಿಯೇ ಬಿತ್ತು. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಕೆಳಗಿನ ಭಾಗವನ್ನು ಉಜ್ಜಿ ಬಣ್ಣ ಬಳಿಯುವುದು ಚಂದಯ್ಯ, ಮೇಲೆ ಹೆಸರು ಬರೆಯುವುದು ಸುಗುಣ ಎಂದು ಕೆಲಸ ತಾನಾಗಿ ಹಂಚಿಹೋಯಿತು. ಊರಿನ ಬಾಯಲ್ಲಿ ಹೆಸರು ಮಾತ್ರ ಗಂಡನದೇ ಉಳಿಯಿತು. ಅದು ಅವಳಿಗೆ ದೊಡ್ಡ ಸಂಗತಿ ಅನ್ನಿಸಿರಲೂ ಇಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಪುರಸಭೆಯಿಂದ ದಿವ್ಯಾ ಎಂಬ ಹುಡುಗಿ ಕೋಡಿಗೆ ಬಂದಳು. ಪೇಟೆಯ ಮೀನು ಮಾರ್ಕೆಟ್ಟಿನ ಉದ್ದನೆಯ ಗೋಡೆಯನ್ನು ಊರಿನ ಕಲಾವಿದರಿಗೇ ಕೊಡುವುದೆಂದು ತೀರ್ಮಾನವಾಗಿತ್ತು. ಬಣ್ಣ, ಅಟ್ಟಣಿಗೆ, ಗೌರವಧನ ಎಲ್ಲ ಪುರಸಭೆಯದು. ಅರ್ಜಿ ಹಾಕಬೇಕು, ಮಾಡಿದ ಕೆಲಸದ ಐದು ಫೋಟೋ ಕೊಡಬೇಕು. ದಿವ್ಯಾ ಜಗಲಿಯಲ್ಲಿ ಕೂತು ಅರ್ಜಿಯಲ್ಲಿ 'ಚಂದಯ್ಯ' ಎಂದು ಬರೆಯಹೊರಟಳು.

"ಅದಲ್ಲ ಮೇಡಂ," ಎಂದ ಚಂದಯ್ಯ. "ಬರೆಯುದ್ ಇವ್ಳ್. ನಾನ್ ಬಣ್ಣ ಕಲ್ಸುದ್ ಮಾತ್ರ. ಇವ್ಳ್ ಹೆಸ್ರೇ ಹಾಕಿ."

ಸುಗುಣ ಒಳಗೆ ಚಹಾ ಸೋಸುತ್ತಿದ್ದವಳು ಹಾಗೇ ನಿಂತಳು. ಚಹಾ ಲೋಟ ತುಂಬಿ ಚೆಲ್ಲಿತು.

ಫೋಟೋ ಎಲ್ಲಿಂದ ತರುವುದು? ಬರೆದ ದೋಣಿಗಳೆಲ್ಲ ಕಡಲಲ್ಲಿದ್ದವು. ಚಂದಯ್ಯ ದೋಣಿಯವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮಾತು ಹೇಳಿದ. ಸಂಜೆಯೊಳಗೆ ಮಲ್ಪೆಯಿಂದ, ಕಾರವಾರದ ಆಚೆಯಿಂದ, ರತ್ನಗಿರಿಯ ಬಂದರಿನಿಂದ ಫೋಟೋಗಳು ಬಂದು ಬಿದ್ದವು. ಅಷ್ಟು ದೂರದ ನೀರಲ್ಲಿ ತೇಲುವ ತನ್ನ ಅಕ್ಷರಗಳನ್ನು ಸುಗುಣ ಕಂಡದ್ದು ಅದೇ ಮೊದಲು. ಫೋನು ಕೆಳಗಿಡಲು ಮನಸ್ಸೇ ಬರಲಿಲ್ಲ.

ಪುರಸಭೆಯಲ್ಲಿ ಕಲಾವಿದರನ್ನು ಕರೆದು ಮಾತಾಡಿಸುವಾಗ ಡ್ರಾಯಿಂಗ್ ಮೇಷ್ಟ್ರು ಯತೀಶ್ ಫೋಟೋಗಳನ್ನು ಮೆಚ್ಚಿಕೊಂಡೇ ಕೇಳಿದರು. "ಅಕ್ಷರ ಚಂದ ಇತ್ತಮ್ಮ. ಆದ್ರೆ ಗೋಡಿಗೆ ಚಿತ್ರ ಬೇಕಲ್ದಾ?"

"ಮನ್ಷ್ರ ಮುಖ ನಂಗೆ ಬತ್ತಿಲ್ಲೆ ಸರ್," ಎಂದಳು ಸುಗುಣ. ಸುಳ್ಳು ಹೇಳುವುದು ಅವಳಿಂದಾಗದು. "ದೋಣಿ ಬತ್ತ್. ಮುರ್ದ್ ಹೋದ ದೋಣಿ, ಮಾರಿದ ದೋಣಿ ಎಷ್ಟ್ ಇತ್ತ್! ಅವುಗಳ ಹೆಸ್ರ್ ಈಗ ಎಲ್ಲೂ ಇಲ್ಲೆ. ಅದ್ನ ಗೋಡಿ ಮೇಲೆ ಬರೆಯುದಾ?" ಎಂದಳು.

"ಆ ಹೆಸರೆಲ್ಲ ಈಗ ಯಾರಿಗೆ ನೆನಪಿದೆ?" ಎಂದು ಅಧಿಕಾರಿಗಳು ಕೇಳಿದರು.

"ಊರಿಗೆ ನೆನ್ಪಿತ್ತ್ ಸರ್. ಕೇಂಡ್ರೆ ಹೇಳ್ತ್ರ್."

ಊರು ಹೇಳಿತು. ಜನವರಿಯ ಬಿಸಿಲಲ್ಲಿ ಸುಗುಣ ಗೋಡೆಯಲ್ಲಿ ತನಗೆ ಸಿಕ್ಕ ಪಾಲಿನ ಮೇಲೆ ಒಂದರ ಪಕ್ಕ ಒಂದು ದೋಣಿಯ ಮೂತಿ ಬರೆಯತೊಡಗಿದಾಗ ಮಾರ್ಕೆಟ್ಟಿಗೆ ಬಂದವರೆಲ್ಲ ನಿಂತರು. ಅಪ್ಪನ ರಂಪಣಿ ಬಲೆಯ ದೋಣಿಗೆ ಹಸಿರು ಪಟ್ಟಿಯಿತ್ತು ಎಂದು ಒಬ್ಬರೆಂದರೆ, ಅಲ್ಲ, ಅದು ನೀಲಿ ಎಂದು ಅವರ ತಮ್ಮ ಜಗಳಕ್ಕೆ ಬಂದ. ಕುಷ್ಟ ಎರಡು ದಿನ ದೂರದಿಂದಲೇ ನೋಡಿ ಹೋಗಿ, ಮೂರನೆಯ ದಿನ ಹತ್ತಿರ ಬಂದು ತನ್ನ ಅಜ್ಜನ ದೋಣಿಯ ಹೆಸರನ್ನು ಗುಟ್ಟಿನಂತೆ ಮೆಲ್ಲಗೆ ಹೇಳಿದ. ಸುಗುಣ ಅದನ್ನು ಅವನ ಎದುರಿಗೇ ಬರೆದಳು.

ಮೀನು ಮಾರುವ ಮುತ್ತಕ್ಕನದು ಬೇರೆಯೇ ತಕರಾರು. ಅವಳ ಗಂಡನ ದೋಣಿ 'ಜಲರಾಣಿ'. ಸುಗುಣ ಬರೆದು ಮುಗಿಸಿದಾಗ ಮುತ್ತಕ್ಕ ತಲೆ ಅಲ್ಲಾಡಿಸಿದಳು.

"ಹಾಂಗಲ್ಲ ಹೆಣೆ. ಅದ್ರಾಗೆ ದೀರ್ಘ ಇರ್ಲಿಲ್ಲೆ. 'ಜಲರಣಿ' ಅಂದೇಳಿ ಇದ್ದದ್ದ್."

ಅಂದು ಕೆಲಸ ನೋಡಲು ಬಂದಿದ್ದ ಯತೀಶ್ ಮೇಷ್ಟ್ರು, "ಅದ್ ತಪ್ಪಲ್ದಾ ಮುತ್ತಕ್ಕ? ಸಾವ್ರ ಜನ ಓದ್ತ್ರ್," ಎಂದರು.

"ತಪ್ಪಾಯ್ಲಿ. ನಮ್ಮ್ ದೋಣಿ ಇಪ್ಪತ್ತೆರ್ಡ್ ವರ್ಷ ಆ ಹೆಸ್ರಾಗೇ ಮೀನ್ ತಂದ್ ಹಾಕಿತ್. ಇದ್ ಯಾರ್ ದೋಣಿಯೋ ನಂಗೊತ್ತಿಲ್ಲೆ."

ಇಬ್ಬರೂ ಸುಗುಣಳ ಮುಖ ನೋಡಿದರು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಅವಳು ಗಂಡನ ಕಡೆ ತಿರುಗುತ್ತಿದ್ದಳು. ಈಗ, ಅವನು ಪಕ್ಕದಲ್ಲೇ ಬಣ್ಣ ಕಲಸುತ್ತಿದ್ದರೂ, ತಿರುಗಲಿಲ್ಲ. ಬಿಳಿ ಬಣ್ಣದಲ್ಲಿ ಬ್ರಷ್ಷದ್ದಿ ದೀರ್ಘವನ್ನು ಅಳಿಸಿದಳು. ಮೇಷ್ಟ್ರು ನಕ್ಕು, "ಆಯ್ತಪ್ಪ, ಗೋಡಿ ನಿಮ್ದ್," ಎಂದರು. ಮುತ್ತಕ್ಕ ಮಾರ್ಕೆಟ್ಟಿನೊಳಗೆ ಹೋಗಿ ನಾಲ್ಕು ಜನರನ್ನು ಎಳೆದುಕೊಂಡು ಬಂದು ಗಂಡನ ದೋಣಿ ತೋರಿಸಿದಳು.

ಗೋಡೆ ಮುಗಿದಾಗ ಅರವತ್ತಮೂರು ದೋಣಿಗಳಾಗಿದ್ದವು. ಪುರಸಭೆ ಕಲಾವಿದರೆಲ್ಲರಿಗೂ ಮಾರ್ಕೆಟ್ಟಿನ ಎದುರೇ ಶಾಲು ಹೊದಿಸಿತು, ಮಳೆಗಾಲ ಕಳೆದ ಮೇಲೆ ಪ್ರತಿ ವರ್ಷ ಬಣ್ಣ ತಿದ್ದುವ ಕೆಲಸವನ್ನೂ ಅವರವರಿಗೇ ಒಪ್ಪಿಸಿತು. ಮಡಚಿಟ್ಟ ಶಾಲು ಕಪಾಟಿನಲ್ಲಿದೆ. ಅದಕ್ಕಿಂತ ಸುಗುಣಳಿಗೆ ಖುಷಿಯಾದದ್ದು, ಈ ಸಲ ದೋಣಿಗಳನ್ನು ದಡಕ್ಕೆಳೆದಾಗ ಬಂದವರು ಅಂಗಳದಿಂದಲೇ "ಸುಗುಣಕ್ಕ ಇದ್ರಾ?" ಎಂದು ಕೇಳಿದ್ದು. ಚಂದಯ್ಯ ಒಳಗಿನಿಂದಲೇ, "ಇದ್ರ್, ಕೂಕಣಿ," ಎಂದು ಬಂದವರನ್ನು ಜಗಲಿಯಲ್ಲಿ ಕೂರಿಸುತ್ತಾನೆ.

ಕಳೆದ ತಿಂಗಳು ಬಾರ್ಕೂರಿನ ಒಂದು ಶಾಲೆಯವರು ತಮ್ಮ ಗೋಡೆಗೂ ಬರೆಯಬೇಕೆಂದು ಕರೆದರು. ಅಲ್ಲಿ ದೋಣಿಗಳಿಲ್ಲ, ಗದ್ದೆಗಳಿವೆ. ಗದ್ದೆಗಳಿಗೂ ಒಂದೊಂದು ಹೆಸರಿದೆಯಂತೆ. ಆ ಹೆಸರುಗಳನ್ನು ಬರೆಯಲು ಸುಗುಣ ಬ್ರಷ್ಷುಗಳನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಮಧ್ಯಾಹ್ನದ ಊಟ ಶಾಲೆಯಲ್ಲೇ.