ಯುಸ್ತಿನಾ ಹೊಲಿದ ಚಿಕ್ಕ ಚೀಲ

ನಮ್ಮ ಸೋಚಾ ಕಣಿವೆಯಲ್ಲಿ ಕಾಡುಮೇಕೆ ಹೊಡೆದವರು ಬೇಕಾದಷ್ಟು ಜನ ಇದ್ದಾರೆ. ಅವರು ಹೊಡೆದದ್ದನ್ನು ಬಂಡೆ ಇಳಿಸಿ ಊರಿಗೆ ಹೊತ್ತು ತಂದವನು ಮಾತ್ರ ಒಬ್ಬನೇ, ಫ್ಲೋರ್ಯಾನ್ ಮಾವ. ರಸ್ತೆ ರಿಪೇರಿ ಕೆಲಸದಲ್ಲಿ ಕಲ್ಲು ಎತ್ತಿ ಎತ್ತಿ ಗಟ್ಟಿಯಾದ ಬೆನ್ನು ಅವನದು. ಬೇಟೆಗಾರರ ಸಂಘದಲ್ಲಿ ಅವನಿಗೆ ‘ಹೊರೆಯಾಳು’ ಎಂದೇ ಅಡ್ಡಹೆಸರು. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ನಕ್ಕುಬಿಡುತ್ತಾನೆ.

ನನ್ನ ಹೆಸರು ಪಾವ್ಲಾ. ಮಾವನ ಪಕ್ಕದ ಮನೆ ನನ್ನದು, ಕೆಳಗೆ ಮಾಂಸದಂಗಡಿ ಇಟ್ಟುಕೊಂಡಿದ್ದೇನೆ. ಮಾಂಸದ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ, ಮಾವನದೊಂದನ್ನು ಬಿಟ್ಟು. ಉಳಿದವರು ಅವಸರದಲ್ಲಿ ಹೊಟ್ಟೆ ಸೀಳಿ, ಕರುಳಿಗೆ ಚಾಕು ತಗುಲಿಸಿ, ಹೊಳೆ ನೀರಲ್ಲಿ ತೊಳೆದು ತರುತ್ತಾರೆ. ಹಾಗೆ ತೊಳೆದ ಮಾಂಸ ಮಾರನೇ ದಿನಕ್ಕೇ ಜಿಗುಟಾಗುತ್ತದೆ. ಮಾವ ಒಂದು ಹನಿ ನೀರು ಸೋಕಿಸುವುದಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಪಕ್ಕೆಲುಬಿನ ನಡುವೆ ಕಡ್ಡಿ ಕೊಟ್ಟು ಅಗಲಿಸಿ, ನೆರಳಲ್ಲಿ ಗಾಳಿಗೆ ನೇತುಹಾಕಿ ಕಾಯುತ್ತಾನೆ. “ಬಿಸಿ ಮಾಂಸ ಕಟ್ಕೊಂಡು ಬರೋನು ಮನೇಗೆ ನಾತ ಹೊತ್ಕೊಂಡು ಬರ್ತಾನೆ” ಎನ್ನುತ್ತಾನೆ.

ಇಷ್ಟೆಲ್ಲ ಬಲ್ಲವನು ಎಪ್ಪತ್ತೆರಡು ವರ್ಷವಾದರೂ ಒಂದೇ ಒಂದು ಕಾಡುಮೇಕೆಯನ್ನು ತಾನು ಹೊಡೆದಿರಲಿಲ್ಲ. ಹಲಗೆಗೆ ಗುರಿ ಇಟ್ಟಾಗ ಅಲುಗದ ಕೈ, ಜೀವವಿರುವ ಪ್ರಾಣಿ ಎದುರು ನಿಂತರೆ ನಡುಗುತ್ತಿತ್ತು. ನಾಲ್ಕು ಸಲ ಗುರಿ ತಪ್ಪಿತು. ಆಮೇಲೆ ಸಂಘದಲ್ಲಿ ಬರುವ ತನ್ನ ಬೇಟೆಯ ಸರದಿಯನ್ನು ಪ್ರತಿ ವರ್ಷ ಯಾರಿಗಾದರೂ ಬಿಟ್ಟುಕೊಟ್ಟು, ಹಗ್ಗ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಹೋದ.

ಇದರಿಂದ ನೊಂದವಳು ಅವನ ಹೆಂಡತಿ ಯುಸ್ತಿನತ್ತೆ. ನಮ್ಮಲ್ಲಿ ಪ್ರಾಣಿಯ ಗುಂಡಿಗೆ ಮತ್ತು ಲಿವರ್ ಎರಡೂ ಅದನ್ನು ಹೊಡೆದವನ ಹಕ್ಕು, ಉಳಿದದ್ದು ಸಂಘಕ್ಕೆ. ಮದುವೆಯಾದ ವರ್ಷ ಅತ್ತೆ ತವರಿನಿಂದ ತಂದ ಬಿಳಿ ಹಾಸು ಹರಿದು ಮಾಂಸ ಕಟ್ಟುವ ಚೀಲಗಳನ್ನು ಹೊಲಿದಿದ್ದಳು. ಅದರಲ್ಲಿ ಒಂದು ಚಿಕ್ಕದು. ಅದರ ಮೂಲೆಯಲ್ಲಿ ಕೆಂಪು ದಾರದಲ್ಲಿ ಮಾವನ ಹೆಸರಿನ ಮೊದಲ ಅಕ್ಷರ.

“ಇದು ನಿನ್ನ ಬೇಟೆಯ ಗುಂಡಿಗೆ, ಲಿವರ್ ಇಡೋಕೆ ಅಂತ ಹೊಲಿದಿರೋದು. ಕಂಡೋರು ಹೊಡೆದಿದ್ದು ಇದರೊಳಗೆ ಹಾಕಿದ್ಯೋ, ನೋಡ್ಕೋ!” ಎಂದಿದ್ದಳಂತೆ.

ಪಾಪ ಎಂದು ಯಾರಾದರೂ ಒಂದು ತುಂಡು ಲಿವರ್ ಕಳಿಸಿದರೆ ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದಳು. “ನನ್ನ ಬಾಣಲೆ ನನ್ನ ಗಂಡಂಗೆ ಕಾಯ್ತಿದೆ” ಎನ್ನುತ್ತಿದ್ದಳು. ಚುಚ್ಚುವ ಮಾತಲ್ಲ ಅದು. ಒಂದಲ್ಲ ಒಂದು ದಿನ ತಂದೇ ತರುತ್ತಾನೆಂದು ಅವಳು ನಂಬಿದ್ದಳು. ನಲವತ್ತನಾಲ್ಕು ವರ್ಷ ನಂಬಿ, ಮೂರು ವರ್ಷದ ಹಿಂದೆ ತೀರಿಕೊಂಡಳು. ಚೀಲ ಮಡಿಸಿದ್ದು ಮಡಿಸಿದ ಹಾಗೇ ಮಾವನ ಬೆನ್ನುಚೀಲದಲ್ಲಿ ಬೆಟ್ಟ ಹತ್ತಿ ಇಳಿಯುತ್ತಲೇ ಇತ್ತು.

ಈ ಅಕ್ಟೋಬರಿನಲ್ಲಿ ಡಾಕ್ಟರು ಮಾವನ ಸೊಂಟದ ಕೀಲು ಬದಲಾಯಿಸಲು ದಿನ ಗೊತ್ತು ಮಾಡಿದರು. ಇನ್ನು ಬೆಟ್ಟ ಮರೆತುಬಿಡಿ ಎಂದರು. ನಾನು ಸಂಘದ ಸಭೆಯಲ್ಲಿ ಮೇಜು ಗುದ್ದಿ, ಈ ವರ್ಷ ಹೊಡೆಯಬಹುದಾದ ಕಾಡುಮೇಕೆಗಳಲ್ಲಿ ಒಂದು ಮುದಿ ಹೋತವನ್ನು ಮಾವನ ಹೆಸರಿಗೆ ಬರೆಸಿದೆ.

ಹೊರಡುವ ಹಿಂದಿನ ದಿನ ಅವನ ಅಡುಗೆಮನೆಗೆ ಹೋದೆ. ಮೇಜಿನ ತುಂಬ ಸಾಮಾನು ಹರಡಿತ್ತು. ಹಗ್ಗ, ಸಾಣೆಕಲ್ಲು, ಉಣ್ಣೆಯ ಕಾಲುಚೀಲ, ಒಣ ಸಾಸೇಜು, ನೊಣ ಕೂರದಂತೆ ಮಾಂಸಕ್ಕೆ ಉದುರಿಸಲು ಒಂದು ಪೊಟ್ಟಣ ಮೆಣಸಿನ ಪುಡಿ.

“ಎರಡು ಚಾಕು ಯಾಕೆ ಮಾವ? ಯುದ್ಧಕ್ಕೆ ಹೊರಟಿದ್ದೀಯಾ?”

“ಒಂದು ಚರ್ಮಕ್ಕೆ, ಒಂದು ಮಾಂಸಕ್ಕೆ. ಕೂದಲಿಗೆ ತಾಗಿದ ಅಲಗು ಮಾಂಸ ಮುಟ್ಬಾರ್ದು. ಮಾಂಸದಂಗಡಿ ಇಟ್ಕೊಂಡೋಳಿಗೆ ಇದನ್ನೂ ಹೇಳ್ಕೊಡ್ಬೇಕಾ?”

“ಆಯ್ತು ಬಿಡು. ಹೊರೆ ನಾನು ಹೊರ್ತೀನಿ. ನೀನು ಬಂದೂಕು ಹಿಡ್ಕೊಂಡು ಬಾ, ಸಾಕು.”

“ನಾನು ಖಾಲಿ ಬೆನ್ನಲ್ಲಿ ಇಳಿದ್ರೆ ಊರು ನಗುತ್ತೆ ಕಣೇ.”

“ನಗಲಿ. ಸೊಂಟ ಮುರ್ಕೊಂಡು ಇಳಿದ್ರೆ ಅಳಬೇಕಾಗೋದು ನಾನು.”

ಎಲ್ಲ ತುಂಬಿದ ಮೇಲೆ ಕೊನೆಗೆ ಆ ಚಿಕ್ಕ ಚೀಲವನ್ನು ಮೇಲಿಟ್ಟ. ಅಂಗೈಯಿಂದ ಒಮ್ಮೆ ಸವರಿದ. ನನಗೆ ಅತ್ತೆಯ ನೆನಪು ಉಕ್ಕಿ ಬಂತು. ಅವನ ಮುಖ ನೋಡಲಾಗದೆ ಒಲೆಗೆ ಸೌದೆ ಹಾಕಿದೆ.

ಮಾರನೇ ದಿನ ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಎತ್ತರದ ಮರಗಳೆಲ್ಲ ಮುಗಿದು ನೆಲಕ್ಕೆ ಹರಡಿದ ಪೈನ್ ಪೊದೆಗಳು ಶುರುವಾಗುವಲ್ಲಿ, ಎದುರಿನ ಚಾಚುಬಂಡೆಯ ಮೇಲೆ ಹೋತ ನಿಂತಿತ್ತು. ಮಾವ ಬೆನ್ನುಚೀಲದ ಮೇಲೆ ಬಂದೂಕಿನ ನಳಿಗೆ ಇಟ್ಟು ಮಲಗಿದ. ಕೈ ನಡುಗತೊಡಗಿತು. ಐದನೇ ಸಲವೂ ತಪ್ಪಿದರೆ ಇನ್ನೊಂದು ಸಲ ಅನ್ನುವುದೇ ಇಲ್ಲ.

“ಸ್ವಲ್ಪ ತಡ್ಕೋ, ಯುಸ್ತಿನಾ,” ಎಂದ, ಮೆಲ್ಲಗೆ. ನಡುಕ ಪೂರ್ತಿ ನಿಲ್ಲಲಿಲ್ಲ, ಆದರೂ ಬಂದೂಕಿನ ಕುದುರೆ ಎಳೆದ. ಹೋತ ನಿಂತಲ್ಲೇ ಕುಸಿಯಿತು.

ಹತ್ತಿರ ಹೋಗುತ್ತಲೇ ಮಾವ ಪದ್ಧತಿಯಂತೆ ಪೈನಿನ ಒಂದು ಕುಡಿಯನ್ನು ಕೈಯಿಂದಲೇ ಮುರಿದ. ಅದಕ್ಕೆ ಚಾಕು ತಾಗಿಸಬಾರದು. ಅರ್ಧವನ್ನು ಹೋತದ ಬಾಯಿಗೆ ಕೊನೆಯ ತುತ್ತಾಗಿ ಇಟ್ಟ. ಉಳಿದರ್ಧವನ್ನು ಗಾಯದ ರಕ್ತಕ್ಕೆ ಮುಟ್ಟಿಸಿ, ತನ್ನ ಟೋಪಿ ತೆಗೆದು, ಅದರ ಮೇಲಿಟ್ಟು, ಎರಡೂ ಕೈಯಿಂದ ನನ್ನ ಮುಂದೆ ಹಿಡಿದ.

“ಒಳ್ಳೇ ಗುರಿ, ಪಾವ್ಲಾ. ನಿನ್ನ ಬೇಟೆ ನಿನಗೆ ಒಪ್ಪಲಿ.”

“ಮಾವ!”

“ಏನೇ?”

“ಹೊಡೆದೋರು ಯಾರು?”

ಅವನು ಟೋಪಿ ನೋಡಿದ, ನನ್ನನ್ನು ನೋಡಿದ. ಕುಡಿಯನ್ನು ಹೊಡೆದವನಿಗೆ ಕೊಡುವುದು ಜೊತೆಗಾರನ ಕೆಲಸ. ವರ್ಷಗಟ್ಟಲೆ ಆ ಕೆಲಸ ಮಾಡಿದ ಕೈ ಇವತ್ತೂ ಅದನ್ನೇ ಮಾಡಿತ್ತು. ನಾನು ಟೋಪಿ ತೆಗೆದುಕೊಂಡು, ಕುಡಿಯನ್ನು ಪಟ್ಟಿಗೆ ಸಿಕ್ಕಿಸಿ ಅವನ ತಲೆಗಿಟ್ಟೆ. “ನಿನ್ನ ಬೇಟೆ ನಿನಗೆ ಒಪ್ಪಲಿ, ಮಾವ” ಎಂದೆ. ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ.

ಹೋತವನ್ನು ಸೀಳಿ ಹಸನು ಮಾಡುವಾಗ ಮಾತ್ರ ಅವನು ಹಳೆಯ ಮಾವನೇ. ಅವಸರವಿಲ್ಲ, ಒಂದು ಗೀರು ಹೆಚ್ಚಿಲ್ಲ. ಗುಂಡಿಗೆ ಮತ್ತು ಲಿವರ್ ತೆಗೆದು ತಣ್ಣನೆಯ ಕಲ್ಲಿನ ಮೇಲಿಟ್ಟು ಆರಲು ಬಿಟ್ಟ. ಆಮೇಲೆ ಕೈ ಒರೆಸಿಕೊಂಡು ಚಿಕ್ಕ ಚೀಲ ಬಿಚ್ಚಿ, ಮೊದಲು ಗುಂಡಿಗೆಯನ್ನು ಹಾಕಿದ.

ಬಟ್ಟೆ ಮಡಿಕೆಯ ಗೆರೆಯುದ್ದಕ್ಕೂ ಬಿಟ್ಟುಕೊಂಡಿತು. ಗುಂಡಿಗೆ ಜಾರಿ ಹುಲ್ಲಿಗೆ ಬಿತ್ತು.

“ತುಂಬಾ ಕಾಯ್ಸಿಬಿಟ್ಟೆ,” ಎಂದ ಮಾವ. “ಬಟ್ಟೆಗೂ ವಯಸ್ಸಾಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡು.”

“ನನ್ನ ಹತ್ರ ಪ್ಲಾಸ್ಟಿಕ್ ಕವರ್ ಇದೆ, ಕೊಡ್ಲಾ?”

“ಪ್ಲಾಸ್ಟಿಕ್‌ನಲ್ಲಿ ಮಾಂಸ ಬೆವರುತ್ತೆ” ಎಂದು ಗದರಿದ. ಗುಂಡಿಗೆಯನ್ನು ಒರೆಸಿ ಮತ್ತೆ ಒಳಗಿಟ್ಟು, ಮೇಲೆ ಲಿವರ್ ಇಟ್ಟು, ಹರಿದಲ್ಲಿ ಗಂಟು ಹಾಕಿದ. ಕೆಳಗೆ ಎರಡೂ ಅಂಗೈ ಕೊಟ್ಟು ಎದೆಗೆ ಹಿಡಿದುಕೊಂಡು ಹೊರಟ. ಹೋತ ನನ್ನ ಬೆನ್ನ ಮೇಲಿತ್ತು. ಕೋಲು ಹಿಡಿ ಮಾವ ಎಂದರೆ, ಕೈ ಖಾಲಿ ಇಲ್ಲ ಎಂದ. ಪ್ರತಿ ಹೆಜ್ಜೆಗೂ ಹಲ್ಲು ಕಚ್ಚುತ್ತಾ ಊರ ತನಕ ಹಾಗೇ ಇಳಿದ.

ಹೋಟೆಲಿನ ಮುಂದೆ ಕೂತಿದ್ದವರಲ್ಲಿ ಒಬ್ಬ ಕೂಗಿದ, “ಏನೋ ಹೊರೆಯಾಳು, ಇವತ್ತು ಹೊರೆ ಹೆಂಗಸಿನ ಬೆನ್ನಿಗಾ?”

“ಮೊದ್ಲು ಅವನ ಟೋಪಿ ನೋಡಿ, ಆಮೇಲೆ ಮಾತಾಡಿ!” ಎಂದೆ ನಾನು.

ನೋಡಿದರು. ಒಬ್ಬೊಬ್ಬರೇ ಎದ್ದು ನಿಂತು ತಂತಮ್ಮ ಟೋಪಿ ತೆಗೆದರು. ಮಾವ ಯಾರ ಕಡೆಗೂ ತಿರುಗದೆ ಮನೆಗೆ ನಡೆದ.

ಸಂಜೆ ಹೋತವನ್ನು ನನ್ನ ಅಂಗಡಿಯ ತಣ್ಣನೆ ಕೋಣೆಯಲ್ಲಿ ನೇತುಹಾಕಿ ನಾನು ಮಾವನ ಮನೆಗೆ ಹೋದಾಗ, ಯುಸ್ತಿನತ್ತೆಯ ಬಾಣಲೆ ಒಲೆಯ ಮೇಲಿತ್ತು. ಈರುಳ್ಳಿ ಕೆಂಪಗಾಗಿತ್ತು. ಮಾವ ಲಿವರ್ ಹೆಚ್ಚಿ, ಉಪ್ಪು ಸವರಿ ಬಾಣಲೆಗೆ ಹಾಕುತ್ತಿದ್ದ. ಬೇಡ ಎನ್ನಲು ಬಾಯಿ ತೆರೆದೆ, ಆಗಲೇ ತಡವಾಗಿತ್ತು. ಲಿವರ್‌ಗೆ ಒಲೆಯಿಂದ ಇಳಿಸಿದ ಮೇಲೆ ಉಪ್ಪು ಹಾಕಬೇಕೆಂದು ಕಣಿವೆಯ ಮಕ್ಕಳಿಗೂ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು? ಆ ಮನೆಯಲ್ಲಿ ಒಂದು ದಿನವೂ ಲಿವರ್ ಬೆಂದಿರಲಿಲ್ಲ.

ಮಾವ ಮೊದಲ ತುಂಡನ್ನು ಬಹಳ ಹೊತ್ತು ಅಗಿದ.

“ಗಟ್ಟಿಯಾಗಿದೆ.”

“ನೀನು ಉಪ್ಪು ಮೊದ್ಲೇ ಹಾಕ್ಬಿಟ್ಟೆ, ಮಾವ.”

“ಯುಸ್ತಿನಾ ಇದ್ದಿದ್ರೆ ಬೈತಿದ್ಳು.”

“ಸರಿಯಾಗಿ ಬೈತಿದ್ಳು.”

ಮಾವ ಫೋರ್ಕು ಕೆಳಗಿಟ್ಟು ಒಲೆಯ ಕಡೆ ತಿರುಗಿ ಕೂತ. ಬೈಗುಳ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, ಒಂದು ತುಂಡೂ ಬಿಡದೆ ತಿಂದ.