ಊರು ಕೇಳುವ ರುದ್ರಪ್ಪಜ್ಜ

ತಲೆ ಇನ್ನೂ ಹೆಗಲ ಮೇಲೇ ಇದೆ ಗೆಳೆಯರೇ, ಮೊದಲು ಅದನ್ನು ಹೇಳಿಬಿಡುತ್ತೇನೆ. ಗಿರಣಿಯಲ್ಲಿ ಹತ್ತಿ ಬೇಲು ಎತ್ತುವಾಗ ಹಿಡಿದುಕೊಂಡ ಕುತ್ತಿಗೆ ಎಂಟು ದಿನವಾದರೂ ಬಿಟ್ಟಿರಲಿಲ್ಲ. ಹೆಂಡತಿಯ ಮಾತು ಕೇಳಿ ಇವತ್ತು ಬೆಳಿಗ್ಗೆ ದಾವಣಗೆರೆಯಿಂದ ಭಾನುವಳ್ಳಿಗೆ, ಎಲುಬು ಕೂಡಿಸುವ ರುದ್ರಪ್ಪಜ್ಜನ ಹತ್ತಿರ ಹೋದೆ.

ಜಗಲಿಯಲ್ಲಿ ನನಗಿಂತ ಮುಂಚೆ ಮೂವರಿದ್ದರು. ಒಬ್ಬೊಬ್ಬರೇ ಒಳಗೆ ಹೋದರು. ಮೂರು ಸಲವೂ ಕೇಳಿಸಿದ್ದು ಒಂದೇ: "ಯಾವೂರ್ರಿ ನಿಮ್ದು?" ಉತ್ತರ ಮುಗಿಯುವ ಮೊದಲೇ ಲಟಕ್ ಎಂಬ ಸದ್ದು, ಅದರ ಹಿಂದೆಯೇ ನರಳಾಟ. ಮಾತಿಗೆಳೆದು, ಮೈ ಸಡಿಲವಾದ ಕೂಡಲೇ ಅಜ್ಜ ತಿರುವುತ್ತಾನೆ ಎಂದು ತಿಳಿಯಿತು. ಊರ ಹೆಸರು ಬಾಯಿ ಬಿಡಬಾರದು ಎಂದುಕೊಂಡೆ.

ನನ್ನ ಸರದಿ ಬಂತು. ಅಜ್ಜ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದ.

"ಯಾವೂರ್ರಿ?"

ನಾನು ಹಲ್ಲು ಕಚ್ಚಿ ಕೂತೆ.

"ಹೇಳ್ರಿ, ನಾಚ್ಗಿ ಯಾಕ?"

"ಹೇಳಲ್ಲ."

ಅಜ್ಜ ನಗಲಿಲ್ಲ. ಒಂದು ಕೈ ಇಳಿಸಿ ನನ್ನ ಬೆರಳು ಒತ್ತಿ ನೋಡಿ, "ಜೋಮು ಹಿಡೀತಾವೇನು?" ಎಂದ. "ಎರಡು ಬೆರಳು" ಎಂದೆ. ತಟ್ಟನೆ ತಲೆಯಿಂದ ಇನ್ನೊಂದು ಕೈಯನ್ನೂ ತೆಗೆದ.

"ಇದಕ್ಕೆ ನಾ ಕೈ ಹಚ್ಚಲ್ಲ. ಕುತ್ತಿಗಿ ಬ್ಯಾರೆ ಯಾರ ಕೈಗೂ ಕೊಡಬ್ಯಾಡ್ರಿ. ದಾವಣಗೆರೆ ಆಸ್ಪತ್ರಿಗೆ ಎಕ್ಸರೇ ಮಿಷನ್ ಬಂದೈತಂತೆ, ಅಲ್ಲಿ ತೋರಿಸ್ರಿ."

ಅಜ್ಜನ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆಗಲೇ. ನಂಬಿಕೆ ಬಂದದ್ದರಿಂದಲೇ ಹೆದರಿಕೆ ಇಮ್ಮಡಿಯಾಯಿತು.

ದಾವಣಗೆರೆಗೆ ವಾಪಸಾಗಲು ಮೊದಲು ಹರಿಹರದ ಬಸ್ಸು ಹತ್ತಿ ಕೂತೆ. ಟಿಕೆಟ್ ಹರಿಯಲು ಕಂಡಕ್ಟರ್ ಹಿಂದಿನಿಂದ ಬಂದು, "ಯಾವೂರ್ರಿ?" ಎಂದ.

ನಾನು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು, "ಹೇಳಲ್ಲ" ಎಂದೆ.