ಪುನರ್ಪುಳಿ ಬಣ್ಣದ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಪರ್ಸಿನಲ್ಲಿ ಲೈಸೆನ್ಸ್ ಇದೆ. ಬರುತ್ತದೆ ಎಂದರೆ ಅದು ಇನ್ನೂ ದೊಡ್ಡ ಸುಳ್ಳು. ಕತಾರಿನ ಡ್ರೈವಿಂಗ್ ಪರೀಕ್ಷೆಯನ್ನು ನಾನು ಆರನೆಯ ಸಲಕ್ಕೆ ಪಾಸು ಮಾಡಿದವನು. ಅಷ್ಟು ಹೊತ್ತಿಗೆ ಪರೀಕ್ಷಕರಿಗೆ ನನ್ನ ಮುಖದ ಪರಿಚಯವಾಗಿ, ಹಳೆಯ ನೆಂಟನನ್ನು ಕಂಡಂತೆ ನಗುತ್ತಿದ್ದರು. ಲೈಸೆನ್ಸ್ ಸಿಕ್ಕಿದ ಮೇಲೆ ಅದನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟು, ಎಂದಿನಂತೆ ಕಂಪೆನಿ ಬಸ್ಸು ಹತ್ತಿದೆ. ಮನೆಯಿರುವ ಅಲ್ ಖೋರಿನಿಂದ ಕೆಲಸದ ಜಾಗವಾದ ರಾಸ್ ಲಫಾನಿಗೆ ಇಪ್ಪತ್ತನಾಲ್ಕು ವರ್ಷಗಳಿಂದ ಬಸ್ಸಿನಲ್ಲೇ ಹೋಗಿಬರುತ್ತಿದ್ದೇನೆ. ಆ ದಾರಿಯಲ್ಲಿ ಏನೇನಿದೆ ಎಂದು ನೀವು ಕೇಳಿದರೆ ನನಗೆ ಹೇಳಲು ಬಾರದು, ಏಕೆಂದರೆ ಅಷ್ಟೂ ವರ್ಷ ನಾನು ನಿದ್ದೆ ಮಾಡಿದ್ದೇನೆ.

ಇಂಥವನ ಮನೆಯ ಮುಂದೆ, ಶೆಡ್ಡಿನ ನೆರಳಿನಲ್ಲಿ, ಪುನರ್ಪುಳಿ ಶರಬತ್ತಿನ ಕಡುಗೆಂಪು ಬಣ್ಣದ ಒಂದು ಅಮೆರಿಕನ್ ಮಸಲ್ ಕಾರು ನಿಂತಿದೆ. ಮಸಲ್ ಕಾರು ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಸಾಧಾರಣ ಗಾತ್ರದ ಮೈಯೊಳಗೆ ಲಾರಿಗೆ ಸಾಕಾಗುವಂಥ ಎಂಜಿನ್ ಕೂರಿಸಿದ ಗಾಡಿ ಅದು. ಬಾಗಿಲು ಎರಡೇ, ಮೂತಿ ಉದ್ದ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಲೋಟಗಳು ಅಲುಗುತ್ತವೆ. ನಾನೂರಕ್ಕೂ ಹೆಚ್ಚು ಕುದುರೆಗಳ ಶಕ್ತಿ ಇದೆಯಂತೆ. ಅಷ್ಟು ಕುದುರೆಗಳನ್ನು ಕಟ್ಟಿಕೊಂಡು ನಾವು ಇಬ್ಬರು, ಇಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆಗೆ ಇಗರ್ಜಿಗೆ ಹೋಗಿಬರುತ್ತಿದ್ದೆವು. ಕಾಗದದಲ್ಲಿ ಕಾರು ನನ್ನದು. ಉಳಿದ ಎಲ್ಲದರಲ್ಲೂ ಅದು ನನ್ನ ಹೆಂಡತಿ ಜೆಸಿಂತಾಳದು.

ಹನ್ನೊಂದು ವರ್ಷಗಳ ಹಿಂದೆ ನಾವು ಹಳೆಯ ಕಾರುಗಳ ಅಂಗಳಕ್ಕೆ ಹೋದದ್ದು ಬಿಳಿ ಬಣ್ಣದ ಜಪಾನಿ ಸೆಡಾನ್ ಕೊಳ್ಳುವುದಕ್ಕೆ. ನಮ್ಮ ಕರಾವಳಿಯವರು ಇಲ್ಲಿ ಕೊಳ್ಳುವುದೇ ಅದನ್ನು. ಬಿಳಿ ಬಣ್ಣ ಸುಲಭವಾಗಿ ಮಾರಿ ಹೋಗುತ್ತದೆ, ಜಪಾನಿ ಗಾಡಿ ಇನ್ನೂ ಸುಲಭವಾಗಿ. ಗಲ್ಫಿನಲ್ಲಿರುವ ನಾವು ಯಾವ ವಸ್ತುವನ್ನು ಮನೆಗೆ ತರುವಾಗಲೂ ಮೊದಲು ಯೋಚಿಸುವುದು ಅದನ್ನು ಕೊಟ್ಟು ಹೋಗುವ ದಿನವನ್ನು. ಸೋಫಾ, ಫ್ರಿಜ್, ಕಪಾಟು, ಎಲ್ಲದಕ್ಕೂ ಇದೇ ನಿಯಮ. ಗೋಡೆಗೆ ಮೊಳೆ ಹೊಡೆಯುವಾಗಲೂ, ಬಿಟ್ಟು ಹೋಗುವಾಗ ಈ ತೂತು ಮುಚ್ಚಿಸಬೇಕಲ್ಲ ಎಂದು ಕೈ ಒಂದು ಕ್ಷಣ ತಡೆಯುತ್ತದೆ. ಇಪ್ಪತ್ತನಾಲ್ಕು ವರ್ಷ ಒಂದೇ ಊರಿನಲ್ಲಿ ಇದ್ದೂ ನಮ್ಮ ಮನೆಯ ಗೋಡೆಯಲ್ಲಿ ಇರುವುದು ಮೂರೇ ಮೊಳೆ. ಒಂದರಲ್ಲಿ ಶಿಲುಬೆ, ಒಂದರಲ್ಲಿ ಗಡಿಯಾರ, ಒಂದರಲ್ಲಿ ಕ್ಯಾಲೆಂಡರ್.

ಆ ಅಂಗಳದ ಮೂಲೆಯಲ್ಲಿ ಯಾರೋ ಈ ಗಾಡಿಯನ್ನು ಸ್ಟಾರ್ಟ್ ಮಾಡಿದರು. ಜೆಸಿಂತಾ ಅದನ್ನು ನೋಡಲಿಲ್ಲ, ಕೇಳಿದಳು. ಮಾತಾಡುತ್ತಿದ್ದವಳು ಅರ್ಧದಲ್ಲಿ ನಿಲ್ಲಿಸಿ, ಪಾತ್ರೆಯಲ್ಲಿ ಅನ್ನ ಬೆಂದಿತೇ ಎಂದು ಕಿವಿಗೊಡುವವಳ ಹಾಗೆ ತಲೆ ವಾಲಿಸಿ ನಿಂತಳು. ಅವಳು ದೋಹಾದ ಒಂದು ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಸಾವಿರಾರು ನಕ್ಷೆಗಳಿಗೆ ನಂಬರು ಹಾಕಿ, ಯಾವುದು ಹೊಸದು, ಯಾವುದು ರದ್ದಾದದ್ದು ಎಂದು ತಪ್ಪಿಲ್ಲದೆ ಜೋಡಿಸಿಡುವ ಕೆಲಸ. ಹುಚ್ಚುತನಕ್ಕೂ ಅವಳಿಗೂ ಪರಿಚಯವೇ ಇಲ್ಲ ಎಂದು ನಾನು ನಂಬಿದ್ದೆ. ಅವಳು ನನ್ನ ಕಡೆ ತಿರುಗಿ, "ಇದು ಬೇಕು ನನಗೆ" ಎಂದಳು. ಮದುವೆಯಾದ ಮೇಲೆ ಅವಳು 'ನನಗೆ ಬೇಕು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಅವಳು ದಿನವೂ ಐವತ್ತು ಕಿಲೋಮೀಟರ್ ದೋಹಾಕ್ಕೆ ಹೋಗಿ ಬಂದದ್ದು ಅದರಲ್ಲೇ. ಕ್ಲಚ್ಚು ಗಟ್ಟಿ, ಅವಳು ಗಿಡ್ಡ. ಹಾಗಾಗಿ ಸೀಟನ್ನು ಮುಂದಕ್ಕೆ ಎಳೆದು, ಸ್ಟೀರಿಂಗನ್ನು ಹೆಚ್ಚುಕಡಿಮೆ ಮಡಿಲಲ್ಲಿ ಇಟ್ಟುಕೊಂಡ ಹಾಗೆ ಕೂರುತ್ತಿದ್ದಳು. ಮಿತಿಮೀರಿ ಓಡಿಸಿದವಳಲ್ಲ. ಆದರೆ ಶಬ್ದವೇ ಹಾಗಿತ್ತು, ನೂರರಲ್ಲಿ ಹೋದರೆ ಇನ್ನೂರರಲ್ಲಿ ಹೋದಂತೆ. ಒಮ್ಮೆ ಊರಿನಿಂದ ಬಂದಿದ್ದ ಫಾದರ್ ಒಬ್ಬರನ್ನು, ಮುಂದಿನ ಸೀಟು ಮಡಚಿ, ಹಿಂದಿನ ಸಂದಿಗೆ ತುರುಕಿ ಕರೆದುಕೊಂಡು ಹೋದೆವು. ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತ ಅವರು ದೋಹಾ ಮುಟ್ಟುವವರೆಗೆ ಜಪಮಾಲೆ ಬಿಡಲಿಲ್ಲ. ಇಳಿದ ಮೇಲೆ, "ಜೆಸಿಂತಾ, ಒಂದೇ ಸಲ ಹೇಳುವ ಅಂತ ಇದ್ದೆ, ಮೂರು ಸಲ ಆಯ್ತು" ಎಂದರು. ಇಲ್ಲಿ ಸ್ಟೀರಿಂಗ್ ಎಡಗಡೆ, ಹಾಗಾಗಿ ನಾನು ಬಲಗಡೆಯ ಸೀಟಿನಲ್ಲಿ, ಅದನ್ನು ಸಾಧ್ಯವಾದಷ್ಟು ಹಿಂದಕ್ಕೆ ತಳ್ಳಿ, ಉದ್ದ ಕಾಲು ಚಾಚಿಕೊಂಡು, ಅವಳ ಮುಖ ನೋಡುತ್ತಿದ್ದೆ. ಗೇರು ಬದಲಿಸುವಾಗ ಅವಳ ತುಟಿಯ ಕೊನೆಯಲ್ಲಿ ಸಣ್ಣದೊಂದು ನಗು ಬರುತ್ತಿತ್ತು. ಅದು ನನಗಾಗಿ ಅಲ್ಲ ಎಂದು ಗೊತ್ತಿದ್ದರೂ ನನಗೆ ಸಂತೋಷವಾಗುತ್ತಿತ್ತು.

ಕಳೆದ ವರ್ಷ ಅವಳು ಗೇಟಿನ ಕಂಬಕ್ಕೆ ಪಕ್ಕದ ಕನ್ನಡಿಯನ್ನು ಉಜ್ಜಿದಳು. ಹದಿನೈದು ದಿನ ಕಳೆದು, ಇನ್ನೊಮ್ಮೆ. ಆಮೇಲೆ ಒಂದು ರೌಂಡಬೌಟಿನಲ್ಲಿ ಎಡದಿಂದ ಬಂದ ವ್ಯಾನು ಅವಳಿಗೆ ಕಾಣಿಸಲೇ ಇಲ್ಲ. ಆ ವ್ಯಾನಿನವನು ಬ್ರೇಕು ಹಾಕಿದ್ದರಿಂದ ಉಳಿದುಕೊಂಡೆವು. ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎದುರಿನದು ಕಾಣುತ್ತದೆ, ಎರಡೂ ಬದಿ ಕತ್ತಲಾಗುತ್ತ ಬರುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದದ್ದು ಮರಳುವುದಿಲ್ಲ, ಇದ್ದದ್ದನ್ನು ಉಳಿಸಲು ಹನಿ ಔಷಧಿ. ಇನ್ನು ಗಾಡಿ ಓಡಿಸಬಾರದು.

ಆಸ್ಪತ್ರೆಗೆ ಓಡಿಸಿಕೊಂಡು ಹೋದವಳು ಅವಳೇ. ವಾಪಸು ಓಡಿಸಿದವನು ನಾನು, ಅವಳ ಸೀಟನ್ನು ಕದಲಿಸದೆ ಅದರಲ್ಲೇ ಮುದುಡಿಕೊಂಡು. ನಾನು ಆರು ಕಡೆ ಎಂಜಿನ್ ಬಂದ್ ಬೀಳಿಸಿದೆ, ಗೇರುಗಳನ್ನು ಕಿರ್‌ ಎನಿಸಿದೆ, ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ. ಬೇರೆ ದಿನವಾಗಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಅಂದು ಅಲ್ ಖೋರ್ ಮುಟ್ಟುವವರೆಗೆ ಒಂದೇ ಒಂದು ತಪ್ಪನ್ನೂ ಹೇಳಲಿಲ್ಲ. ಆ ಮೌನ ನನಗೆ ಡಾಕ್ಟರ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮನೆಗೆ ಬಂದು, ಕೀಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒಮ್ಮೆ ನೋಡಿ, ಮತ್ತೆ ನನ್ನ ಕೈಯಲ್ಲೇ ಇಟ್ಟಳು.

"ಮಾರಿ ಬಿಡಿ. ನಿಲ್ಲಿಸಿಟ್ರೆ ಹಾಳಾಗ್ತದೆ. ಊರಿಗೆ ತಗೊಂಡು ಹೋಗ್ಲಿಕ್ಕೂ ಆಗುವುದಿಲ್ಲ, ಸ್ಟೀರಿಂಗ್ ಎಡಗಡೆ. ಖಲಾಸ್."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಜಾಹೀರಾತು ಬರೆಯಲು ಕೂತೆ. ಇಲ್ಲಿ ಹಳೆಯ ಕಾರಿನ ಜಾಹೀರಾತುಗಳಲ್ಲಿ ತಪ್ಪದೆ ಬರುವ ಒಂದು ಮಾತಿದೆ, 'ಲೇಡಿ ಡ್ರಿವನ್'. ಹೆಂಗಸರು ಓಡಿಸಿದ್ದು, ಅಂದರೆ ನಾಜೂಕಾಗಿ ಬಳಸಿದ್ದು ಎಂದು ಅರ್ಥ. ಆ ಜಾಹೀರಾತುಗಳನ್ನು ನಂಬಿದರೆ ಈ ದೇಶದಲ್ಲಿ ಗಂಡಸರೆಂಬವರು ಸ್ಟೀರಿಂಗ್ ಮುಟ್ಟುವುದೇ ಇಲ್ಲ. ಎಲ್ಲರೂ ಬರೆಯುವ ಆ ಎರಡು ಮಾತನ್ನು ನಾನೂ ಬರೆದೆ. ನನ್ನದು ನಿಜವಾಗಿತ್ತು ಎನ್ನುವುದಷ್ಟೇ ವ್ಯತ್ಯಾಸ. ಬರೆದು ಮುಗಿಸಿ ಬಹಳ ಹೊತ್ತು ಆ ಮಾತನ್ನೇ ನೋಡುತ್ತ ಕೂತಿದ್ದೆ.

ಜಾಹೀರಾತು ನೋಡಿ ಒಂದು ಶನಿವಾರ ಸಂಜೆ ರಫೀಕ್ ಎಂಬವನು ಬಂದ. ಉಪ್ಪಿನಂಗಡಿ ಕಡೆಯವನು, ದೋಹಾ ಅಲ್ ಜದೀದಾದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕಾರಿನ ಸುತ್ತ ಎರಡು ಸುತ್ತು ಬಂದು, ಮೂತಿಯ ಮೇಲೆ ಅಂಗೈಯಿಟ್ಟು ನಕ್ಕ.

"ಅಣ್ಣಾ, ಲೇಡಿ ಡ್ರಿವನ್ ಅಂತ ಎಲ್ರೂ ಹಾಕ್ತಾರೆ. ನಮ್ಮ ಊರಿನವ್ರು ನೀವು, ನಿಜ ಹೇಳಿ. ಇದನ್ನು ಓಡಿಸಿದ್ದು ಯಾರು?"

ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ ಜೆಸಿಂತಾ ಉತ್ತರ ಕೊಟ್ಟಳು. "ನಾನೇ. ಎರಡರಿಂದ ಮೂರಕ್ಕೆ ಹಾಕುವಾಗ ಸ್ವಲ್ಪ ತಡೀತದೆ. ಒತ್ತಾಯ ಮಾಡ್ಬಾರ್ದು. ಶಬ್ದ ಒಂದು ಚೂರು ಇಳಿದ ಮೇಲೆ ಹಾಕಿದ್ರೆ ತಾನೇ ಹೋಗಿ ಕೂತ್ಕೊಳ್ತದೆ."

ರಫೀಕನ ನಗು ನಿಂತಿತು. "ಸಾರಿ ಅಕ್ಕಾ" ಎಂದು ಎರಡೂ ಕೈಯಲ್ಲಿ ಚಹಾ ತೆಗೆದುಕೊಂಡ. ಆಮೇಲೆ ಸೀಟನ್ನು ಹಿಂದಕ್ಕೆ ತಳ್ಳಿ ಕೂತು, ಒಂದು ಸುತ್ತು ಓಡಿಸಿ ನೋಡಲು ಹೋದ. ಜೆಸಿಂತಾ ಬಾಗಿಲಲ್ಲೇ ನಿಂತು, ಶಬ್ದ ರಸ್ತೆಯ ಕೊನೆ ಮುಟ್ಟಿ, ತಿರುಗಿ, ದೂರವಾಗುವವರೆಗೂ ಕೇಳಿಸಿಕೊಂಡಳು. "ಒಳ್ಳೆ ಓಡಿಸ್ತಾನೆ. ಎಂಜಿನ್ ಬಿಸಿಯಾಗುವವರೆಗೆ ಕಾದ" ಎಂದಳು. ಮಗಳನ್ನು ನೋಡಲು ಬಂದ ಹುಡುಗನ ಕುರಿತು ಹೇಳಿದಂತಿತ್ತು. ಹೇಳಿ, ಒಳಗೆ ಹೋಗಿಬಿಟ್ಟಳು. ರಫೀಕನಿಗೆ ಗಾಡಿ ಹಿಡಿಸಿತು. ಸೋಮವಾರ ಕಾಗದಪತ್ರ ಮಾಡಿಸೋಣ ಎಂದು ಹೇಳಿ ಹೋದ. ಅವನಲ್ಲಿ ಒಂದು ತಪ್ಪನ್ನೂ ಹುಡುಕಲಾಗದೆ ನನಗೆ ಸಂಕಟವಾಯಿತು.

ಕಾರಿಗೆ ಬೀಗ ಹಾಕಲು ಹೋದವನು ಸೀಟು ನೋಡಿದೆ. ಹನ್ನೊಂದು ವರ್ಷ ಕದಲದೆ ಇದ್ದ ಸೀಟು ಹಿಂದಕ್ಕೆ ಹೋಗಿತ್ತು. ಸೋಮವಾರದವರೆಗಾದರೂ ಅದು ಮೊದಲಿನ ಜಾಗದಲ್ಲಿರಲಿ ಎಂದು, ಕೆಳಗಿನ ಸರಳು ಎತ್ತಿ ಮುಂದಕ್ಕೆ ಎಳೆದೆ. ಕೆಳಗಿನ ಹಳಿಯ ಎಷ್ಟನೆಯ ಹಲ್ಲಿನಲ್ಲಿ ನಿಲ್ಲಬೇಕು? ಪಕ್ಕದಲ್ಲಿ ಕೂತು ಅಷ್ಟು ವರ್ಷ ನೋಡಿದವನಿಗೆ ಗೊತ್ತಿರಲಿಲ್ಲ. ಹಿಂದೆ, ಮುಂದೆ, ಮತ್ತೆ ಹಿಂದೆ ಮಾಡುತ್ತ ಬಗ್ಗಿ ಒದ್ದಾಡುತ್ತಿದ್ದೆ.

"ಎಂತ ಮಾಡ್ತಾ ಇದ್ದೀರಿ?" ಜೆಸಿಂತಾ ಹಿಂದೆ ಬಂದು ನಿಂತಿದ್ದಳು. ನಾನು ಹೇಳಿದೆ. ಅವಳು ನನ್ನನ್ನು ಸರಿಸಿ, ಒಳಗೆ ಕೂತು, ಸರಳು ಎತ್ತಿದಳು. ಟಕ್, ಟಕ್, ಟಕ್. "ಇಲ್ಲಿ" ಎಂದಳು. ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಯಿತು, ಕೈಗಳು ಸ್ಟೀರಿಂಗಿನ ಮೇಲೆ. ಎದುರಿನ ಗೋಡೆಯನ್ನು ನೋಡುತ್ತ ಕೂತಳು. ಎದ್ದು ಬರಲಿಲ್ಲ.

ನನಗೆ ಅಳು ಬಂತು, ಮುಚ್ಚಿಡುವುದೇಕೆ? ಅವಳಿಂದ ಒಂದು ವರ್ಷದೊಳಗೆ ಕಣ್ಣಿನ ಎರಡು ಬದಿಗಳು ಹೋಗಿದ್ದವು, ಸ್ಟೀರಿಂಗ್ ಹೋಗಿತ್ತು. ಉಳಿದ ಈ ಒಂದನ್ನು ಕಳಿಸಿಕೊಡಲು ನಾನೇ ಕೂತು ಅಂದವಾಗಿ ಜಾಹೀರಾತು ಬರೆದಿದ್ದೆ. ಇಡೀ ಮನೆಯಲ್ಲಿ ಮಾರುವ ದಿನವನ್ನು ಯೋಚಿಸದೆ ನಾವು ತಂದದ್ದು ಇದೊಂದನ್ನೇ. ಇದೂ ಹೋದರೆ, ನಾವು ಇಲ್ಲಿ ಇಪ್ಪತ್ತನಾಲ್ಕು ವರ್ಷ ಬದುಕಿದೆವೋ, ಬರೀ ಹೊರಡಲು ಕಾದು ಕೂತಿದ್ದೆವೋ?

"ಮಾರುವುದು ಬೇಡ" ಎಂದೆ.

"ಮತ್ತೆ ಯಾರು ಓಡಿಸುವುದು?"

"ನಾನು."

ಅವಳು ತಿರುಗಿ, ಆ ಕೊಳವೆಯೊಳಗಿಂದ ನನ್ನನ್ನು ಪೂರ್ತಿ ನೋಡಲು ಮುಖವನ್ನು ಆಚೀಚೆ ಆಡಿಸಿ, ನಕ್ಕಳು. ಡಾಕ್ಟರ ಕೋಣೆಯಿಂದ ಬಂದ ಮೇಲೆ ಅದೇ ಮೊದಲ ನಗು. ಅದು ನನ್ನ ಡ್ರೈವಿಂಗಿನ ಮೇಲಿನ ನಗು, ಅಡ್ಡಿಯಿಲ್ಲ. ರಫೀಕನಿಗೆ ಫೋನ್ ಮಾಡಿ ತಡವರಿಸುತ್ತ ಹೇಳಿದೆ. ಅವನು, "ಅಕ್ಕ ಗೇರಿನ ವಿಷಯ ಹೇಳುವಾಗ್ಲೇ ನನಗೆ ಡೌಟಿತ್ತು ಅಣ್ಣಾ. ಪರವಾಗಿಲ್ಲ. ನೀವು ಊರಿಗೆ ಹೋಗುವ ದಿನ ಬಂದ್ರೆ ಮೊದ್ಲು ನನಗೇ ಹೇಳ್ಬೇಕು" ಎಂದ.

ಅಲ್ ಖೋರ್ ಒಂದು ಕಾಲಕ್ಕೆ ಮುತ್ತು ತೆಗೆಯುವವರ ಊರಾಗಿತ್ತು. ಬಂದರಿನಲ್ಲಿ ಈಗಲೂ ದೋವ್ ಎಂಬ ಮರದ ಹಡಗುಗಳಿವೆ. ಪ್ರೀತಿಯಿಂದ ಒಂದನ್ನು ದಡಕ್ಕೆ ಎಳೆದು ನೆರಳಿನಲ್ಲಿ ಇಟ್ಟರೆ ಅದು ಉಳಿಯುವುದಿಲ್ಲವಂತೆ. ಹಲಗೆ ಒಣಗಿ, ಸಂದು ಬಿಟ್ಟು, ಮತ್ತೆ ನೀರಿಗಿಳಿಸಿದಾಗ ಸೋರುತ್ತದಂತೆ. ಮೀನು ಕೊಳ್ಳುವಾಗ ಒಬ್ಬ ಮುದುಕ ಇದನ್ನು ನನಗೆ ಹೇಳಿದ್ದ. ನಮ್ಮ ಮಲ್ಪೆ ಕಡೆಯ ದೋಣಿಯವರಿಗೂ ಇದು ಗೊತ್ತಿರುತ್ತದೆ. ಕೇಳಿಯೂ ಗೊತ್ತಾಗದೆ ಹೋದದ್ದು ನನಗೆ.

ಏಕೆಂದರೆ ಕಾರು ಉಳಿಸಿಕೊಂಡ ಮೇಲೆ ನಾನು ಆ ಸೀಟನ್ನು ಮುಟ್ಟಲಿಲ್ಲ. ಪ್ರತಿ ಶುಕ್ರವಾರ ಬೆಳಗ್ಗೆ, ರಸ್ತೆ ಖಾಲಿಯಿರುವಾಗ ನಾವು ಹೊರಡುತ್ತಿದ್ದೆವು. ಆರಡಿಯ ನಾನು ಐದಡಿಯ ಅವಳ ಜಾಗದಲ್ಲಿ ಮಡಚಿಕೊಂಡು ಕೂರುತ್ತಿದ್ದೆ, ಅಂದು ಹಿಂದಿನ ಸೀಟಿನಲ್ಲಿ ಫಾದರ್ ಕೂತ ಹಾಗೆ. ಬಲಗಡೆ ಕೂತ ಅವಳು ಕಿವಿಯಿಂದಲೇ ಪಾಠ ಹೇಳುತ್ತಿದ್ದಳು. "ಈಗ ಎರಡು. ಬೇಗ ಆಯ್ತು. ಕೇಳಿಸುವುದಿಲ್ವಾ ನಿಮಗೆ?" ನನಗೆ ಕೇಳಿಸುತ್ತಿರಲಿಲ್ಲ. ಆದರೆ ಅವಳು ಮತ್ತೆ ತಪ್ಪು ಹೇಳತೊಡಗಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ನಾಲ್ಕನೆಯ ಶುಕ್ರವಾರ ಒಂದು ತಿರುವಿನಲ್ಲಿ ನನ್ನ ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಹಾಕಿಕೊಂಡು, ಗಾಡಿ ರಸ್ತೆಯಂಚಿನ ಮರಳಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಜೆಸಿಂತಾ ಕೇಳಿದಳು.

"ಸೀಟು ಎಲ್ಲಿ ಉಂಟು?"

ಅವಳು ಇಳಿದು, ಕಾರಿನ ಮೂತಿಯ ಮೇಲೆ ಕೈಯಾಡಿಸಿಕೊಂಡು ಈ ಕಡೆ ಬಂದು, ಬಾಗಿಲು ತೆರೆದು ನನ್ನ ಮೊಣಕಾಲು ಮುಟ್ಟಿ ನೋಡಿದಳು.

"ಎಂತದು ಮಾರಾಯ್ರೇ ಇದು! ಹಿಂದೆ ತಳ್ಳಿ."

"ನಿನ್ನ ಜಾಗ ತಪ್ಪಿ ಹೋಗ್ತದಲ್ಲ."

"ನಾವು ಕಾರು ಇಟ್ಕೊಂಡದ್ದು ಓಡಿಸ್ಲಿಕ್ಕೆ" ಎಂದಳು. ಆಮೇಲೆ ಸ್ವರ ತಗ್ಗಿಸಿ, "ನನ್ನ ಜಾಗ ಈಗ ಆ ಕಡೆ. ಅದನ್ನು ಸ್ವಲ್ಪ ಮುಂದೆ ಎಳ್ದು ಕೊಡಿ. ನಾಲ್ಕು ವಾರದಿಂದ ನನ್ನ ಕಾಲು ನೆಲಕ್ಕೆ ಮುಟ್ತಾ ಇಲ್ಲ. ನಿಮ್ಮ ಜಾಗ ಅಂತ ನಾನೂ ಹಾಗೇ ಬಿಟ್ಟಿದ್ದೆ" ಎಂದಳು.

ಮರಳಿನ ಅಂಚಿನಲ್ಲಿ ನಿಂತು ಎರಡೂ ಸೀಟುಗಳ ಸರಳು ಎತ್ತಿದೆ. ಒಂದು ಹಿಂದೆ ಹೋಯಿತು, ಒಂದು ಮುಂದೆ ಬಂತು. ಅವಳು ಕೂತು, ಎರಡೂ ಪಾದಗಳನ್ನು ನೆಲಕ್ಕೆ ಊರಿ, ಬೆಲ್ಟು ಹಾಕಿಕೊಂಡಳು. ನಾನು ಸ್ಟಾರ್ಟ್ ಮಾಡಿ, ಎಂಜಿನ್ ಹದಕ್ಕೆ ಬರುವವರೆಗೆ ಕಾದು, ರಸ್ತೆಗೆ ಏರಿಸಿದೆ. ಒಂದು. ಎರಡು. ಅವಳು ತಲೆ ವಾಲಿಸಿ ಕೇಳುತ್ತಿದ್ದಳು. ಶಬ್ದ ಏರಿತು, ಒಂದು ಚೂರು ಇಳಿಯಿತು.

"ಈಗ ಮೂರು" ಎಂದಳು.

ಅವಳು ಹೇಳುವಷ್ಟರಲ್ಲಿ ನಾನು ಹಾಕಿಯಾಗಿತ್ತು. ಪಕ್ಕಕ್ಕೆ ನೋಡಿದೆ. ಅವಳ ತುಟಿಯ ಕೊನೆಯಲ್ಲಿ ಆ ಸಣ್ಣ ನಗು ಇತ್ತು.

"ನನ್ನನ್ನು ಎಂತ ನೋಡುವುದು?" ಎಂದಳು. "ರಸ್ತೆ ನೋಡಿ."